ಅಯಾನುಗಳನ್ನು ಗುರುತಿಸುವ ಸರಳ ಪರೀಕ್ಷೆಗಳು: ನಂಜನಗೂಡು–ತಿ. ನರಸೀಪುರ ಸೀಮೆಯಲ್ಲಿ ಲವಣ ವಿಶ್ಲೇಷಣೆ

ಹೆಸರು ತಿಳಿಯದ ಒಂದು ಲವಣವನ್ನು ಕೈಗಿತ್ತು, ಅದರಲ್ಲಿರುವ ಧನ ಅಯಾನು ಯಾವುದು, ಋಣ ಅಯಾನು ಯಾವುದು ಎಂದು ಕೇಳಿದಾಗ ಪ್ರನಾಳ, ಬರ್ನರ್ ಮತ್ತು ಕೆಲವೇ ಬಾಟಲಿ ದ್ರಾವಣಗಳ ನೆರವಿನಿಂದ ಉತ್ತರ ಕಂಡುಕೊಳ್ಳುವ ವಿಧಾನವೇ ಗುಣಾತ್ಮಕ ವಿಶ್ಲೇಷಣೆ. ಕಾಲೇಜು ಪ್ರಯೋಗಾಲಯಗಳಲ್ಲಿ ಇದಕ್ಕೆ ‘ಸಾಲ್ಟ್ ಅನಾಲಿಸಿಸ್’ ಎಂಬ ಹೆಸರೇ ರೂಢಿ. ಎಷ್ಟಿದೆ ಎಂಬುದನ್ನು ಇಲ್ಲಿ ಅಳೆಯುವುದಿಲ್ಲ, ಏನಿದೆ ಎಂಬುದನ್ನು ಹುಡುಕುತ್ತಾರೆ. ಬಣ್ಣ, ವಾಸನೆ, ಗುಳ್ಳೆ, ಪ್ರಕ್ಷೇಪ, ಜ್ವಾಲೆಯ ರಂಗು ಇವೇ ಸಾಕ್ಷಿಗಳು.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು ಈ ವಿದ್ಯೆಯನ್ನು ವಿವರಿಸಲು ಹೇಳಿ ಮಾಡಿಸಿದ ನೆಲ. ಕಬಿನಿ ಎಂದೂ ಕರೆಯುವ ಕಪಿಲೆ ನಂಜನಗೂಡನ್ನು ದಾಟಿ ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಸೀಮೆಯಲ್ಲಿ ನಾಲೆ ನೀರಿನ ಭತ್ತದ ಗದ್ದೆಗಳಿವೆ, ಲವಣಾಂಶವಿರುವ ಕಪ್ಪು ಮಣ್ಣಿದೆ, ಮೈಸೂರಿನ ಕಡೆಯ ಗಡಿಯಲ್ಲಿ ಮ್ಯಾಗ್ನೆಸೈಟ್ ಮತ್ತು ಕ್ರೋಮೈಟ್ ಹೊತ್ತ ಪುರಾತನ ಶಿಲೆಗಳಿವೆ, ಔಷಧ ಮತ್ತು ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಗಳಿವೆ. ಪಿಯುಸಿ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಹುಡುಕುವ ಅಯಾನುಗಳಲ್ಲಿ ಹಲವು ಅವನ ಊರಿನ ಹೊಲ, ಬೋರ್‌ವೆಲ್, ಬಂಡೆಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತವೆ.

ಪಠ್ಯಕ್ರಮದಲ್ಲಿ

ವಿಷಯದ ಮೊದಲ ಪರಿಚಯ ಎಸ್ಸೆಸ್ಸೆಲ್ಸಿ ತರಗತಿಯಲ್ಲೇ ಆಗುತ್ತದೆ. ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದಾಗ ಬೆಳ್ಳಗಿನ ಪ್ರಕ್ಷೇಪ, ಸೀಸದ ನೈಟ್ರೇಟಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದಾಗ ಅಚ್ಚ ಹಳದಿ: ಇವು ಹತ್ತನೇ ತರಗತಿಯ ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಬರುವ ಉದಾಹರಣೆಗಳು. ಅಲ್ಲಿ ಎರಡೂ ದ್ರಾವಣಗಳ ಹೆಸರು ಮೊದಲೇ ಗೊತ್ತಿರುತ್ತದೆ. ಪದವಿಪೂರ್ವ ತರಗತಿಗೆ ಬಂದಾಗ ಪ್ರಶ್ನೆ ತಿರುಗುತ್ತದೆ. ಫಲಿತಾಂಶ ಕಣ್ಣೆದುರಿಗಿರುತ್ತದೆ, ಹೆಸರನ್ನು ವಿದ್ಯಾರ್ಥಿ ಹುಡುಕಬೇಕು.

ಕರ್ನಾಟಕದ ದ್ವಿತೀಯ ಪಿಯುಸಿಯಲ್ಲಿ ರಸಾಯನ ವಿಜ್ಞಾನಕ್ಕೆ 70 ಅಂಕಗಳ ಲಿಖಿತ ಪರೀಕ್ಷೆಯೂ 30 ಅಂಕಗಳ ಪ್ರಾಯೋಗಿಕ ಪರೀಕ್ಷೆಯೂ ಇವೆ. ಒಂದು ಧನ ಅಯಾನು, ಒಂದು ಋಣ ಅಯಾನು ಇರುವ ಸರಳ ಲವಣವನ್ನು ಕ್ರಮಬದ್ಧವಾಗಿ ವಿಶ್ಲೇಷಿಸುವುದು ಆ ಪ್ರಾಯೋಗಿಕ ಭಾಗದ ಮುಖ್ಯ ಅಂಗ. ಎನ್‌ಸಿಇಆರ್‌ಟಿಯ ಪಟ್ಟಿಯಲ್ಲಿ 14 ಧನ ಅಯಾನುಗಳೂ 12 ಋಣ ಅಯಾನುಗಳೂ ಇವೆ. ಧನ ಅಯಾನುಗಳೆಂದರೆ ಸೀಸ, ತಾಮ್ರ, ಆರ್ಸೆನಿಕ್, ಅಲ್ಯೂಮಿನಿಯಂ, ಕಬ್ಬಿಣ, ಮ್ಯಾಂಗನೀಸ್, ನಿಕ್ಕಲ್, ಸತು, ಕೋಬಾಲ್ಟ್, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ, ಮೆಗ್ನೀಸಿಯಂ ಮತ್ತು ಅಮೋನಿಯಂ. ಋಣ ಅಯಾನುಗಳೆಂದರೆ ಕಾರ್ಬನೇಟ್, ಸಲ್ಫೈಡ್, ಸಲ್ಫೈಟ್, ಸಲ್ಫೇಟ್, ನೈಟ್ರೈಟ್, ನೈಟ್ರೇಟ್, ಕ್ಲೋರೈಡ್, ಬ್ರೋಮೈಡ್, ಅಯೋಡೈಡ್, ಫಾಸ್ಫೇಟ್, ಆಕ್ಸಲೇಟ್ ಮತ್ತು ಅಸಿಟೇಟ್. ಲೆಕ್ಕದ ಪ್ರಕಾರ 168 ಜೋಡಿಗಳು ಸಾಧ್ಯ. ನೀರಿನಲ್ಲಾಗಲಿ ಆಮ್ಲದಲ್ಲಾಗಲಿ ಕರಗದವನ್ನು ಬಿಟ್ಟರೂ ಉಳಿಯುವ ಸಂಖ್ಯೆ ಊಹೆಯಿಂದ ಉತ್ತರ ಹೇಳುವವರನ್ನು ಸೋಲಿಸುವಷ್ಟು ದೊಡ್ಡದು.

ಕ್ರಮದ ಇತಿಹಾಸ

ಒಂದೊಂದು ಪದಾರ್ಥಕ್ಕೆ ಒಂದೊಂದು ಗುರುತು ಎಂಬ ಜ್ಞಾನ ಬಹಳ ಹಳೆಯದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿದರೆ ಕಪ್ಪು ಶಾಯಿಯಾಗುತ್ತದೆ ಎಂದು ಲಿಪಿಕಾರರಿಗೆ ಗೊತ್ತಿತ್ತು. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್, ಅಳಲೆಕಾಯಿಯಲ್ಲಿರುವುದು ಟ್ಯಾನಿನ್. ಗಾಳಿಯ ಸಂಪರ್ಕದಲ್ಲಿ ಕಬ್ಬಿಣವು ಫೆರಿಕ್ ಸ್ಥಿತಿಗೆ ಬಂದು ಟ್ಯಾನಿನ್ ಜೊತೆ ಕಪ್ಪಾಗುವ ಈ ಕ್ರಿಯೆಯನ್ನು ಯುರೋಪಿನಲ್ಲೂ ಖನಿಜ ಜಲದ ಕಬ್ಬಿಣವನ್ನು ಪತ್ತೆಹಚ್ಚಲು ಬಳಸುತ್ತಿದ್ದರು.

ಬಿಡಿ ಗುರುತುಗಳನ್ನು ಒಂದು ಕ್ರಮಕ್ಕೆ ತಂದವರಲ್ಲಿ ಸ್ವೀಡನ್ನಿನ ಟೋರ್ಬರ್ನ್ ಬರ್ಗ್‌ಮನ್, ಜರ್ಮನಿಯ ಹೈನ್ರಿಕ್ ರೋಸ್ ಮುಖ್ಯರು. ಇಂದಿನ ತರಗತಿಗಳಿಗೆ ತಲುಪಿರುವ ಗುಂಪು ವಿಂಗಡಣೆಯನ್ನು ನೆಲೆಗೊಳಿಸಿದವನು ಕಾರ್ಲ್ ರೆಮಿಗಿಯಸ್ ಫ್ರೆಸೇನಿಯಸ್. 1841ರಲ್ಲಿ ಅವನ ಪುಸ್ತಕ ಮೊದಲು ಅಚ್ಚಾದಾಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಆಗಿನ್ನೂ ಅಯಾನು ಸಿದ್ಧಾಂತವೇ ಇರಲಿಲ್ಲ. ಅರ್‍ಹೇನಿಯಸ್ 1880ರ ದಶಕದಲ್ಲಿ ಅದನ್ನು ಮಂಡಿಸಿದ, ವಿಲೀನತಾ ಗುಣಲಬ್ಧದ ಕಲ್ಪನೆಯನ್ನು ನರ್ನ್‌ಸ್ಟ್ 1889ರಲ್ಲಿ ಕೊಟ್ಟ, ಓಸ್ಟ್‌ವಾಲ್ಡ್ 1894ರ ತನ್ನ ಪುಸ್ತಕದಲ್ಲಿ ಇವೆರಡನ್ನೂ ಬಳಸಿ ಹಳೆಯ ಪರೀಕ್ಷೆಗಳು ಏಕೆ ಫಲಿಸುತ್ತವೆ ಎಂದು ವಿವರಿಸಿದ. ಮೊದಲು ಕೈ ಕಲಿತಿತು, ಕಾರಣ ಆಮೇಲೆ ತಿಳಿಯಿತು.

ಪರೀಕ್ಷೆಯ ತರ್ಕ

ಧನ ಅಯಾನುಗಳ ವಿಂಗಡಣೆಯನ್ನು ಒಂದರ ಕೆಳಗೊಂದು ಹಿಡಿದ ಜರಡಿಗಳಿಗೆ ಹೋಲಿಸಬಹುದು. ಪ್ರತಿಯೊಂದು ಗುಂಪಿಗೂ ಒಂದು ಗುಂಪು ಕಾರಕವಿದೆ. ಅದು ತನ್ನ ಗುಂಪಿನ ಅಯಾನುಗಳನ್ನು ಮಾತ್ರ ಪ್ರಕ್ಷೇಪವಾಗಿ ಹಿಡಿದು ಉಳಿದವನ್ನು ಕೆಳಕ್ಕೆ ಬಿಡುತ್ತದೆ. ಒಂದು ಗುಂಪಿನಲ್ಲಿ ಏನೂ ಕಾಣಲಿಲ್ಲ ಎಂದರೆ ಆ ಗುಂಪಿನ ಎಲ್ಲ ಅಯಾನುಗಳೂ ಪಟ್ಟಿಯಿಂದ ಹೊರಬಿದ್ದಂತೆ. ಹೀಗಾಗಿ ಈ ವಿದ್ಯೆಯಲ್ಲಿ ‘ಇಲ್ಲ’ ಎಂಬ ಫಲಿತಾಂಶಕ್ಕೆ ‘ಇದೆ’ ಎಂಬುದರಷ್ಟೇ ಬೆಲೆ. ಲವಣ ವಿಶ್ಲೇಷಣೆಯ ನಿಜವಾದ ಶಿಕ್ಷಣ ಇರುವುದು ಇಲ್ಲೇ. ಮೊದಲು ಸಾಧ್ಯತೆಗಳನ್ನು ಕಳೆಯಬೇಕು, ಆಮೇಲೆ ಹೆಸರು ಊಹಿಸಬೇಕು, ಊಹಿಸಿದ್ದನ್ನು ಸ್ವತಂತ್ರವಾದ ಇನ್ನೊಂದು ಪರೀಕ್ಷೆಯಿಂದ ದೃಢಪಡಿಸಬೇಕು.

ಜರಡಿ ಹೀಗೆ ಆಯ್ದು ಹಿಡಿಯುವುದಕ್ಕೆ ಕಾರಣ ವಿಲೀನತಾ ಗುಣಲಬ್ಧ, ಅಂದರೆ ದ್ರಾವಣದಲ್ಲಿ ಅಯಾನುಗಳ ಸಾಂದ್ರತೆಗಳ ಗುಣಲಬ್ಧ ಯಾವ ಮಿತಿ ಮೀರಿದರೆ ಪ್ರಕ್ಷೇಪ ಬೀಳುತ್ತದೋ ಆ ಮಿತಿ. ತಾಮ್ರದ ಸಲ್ಫೈಡಿಗೆ ಅದರ ಬೆಲೆ ಸುಮಾರು 10⁻³⁶, ಸತುವಿನ ಸಲ್ಫೈಡಿಗೆ ಸುಮಾರು 10⁻²⁴. ದ್ರಾವಣದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದ್ದಾಗ ಸಮಾನ ಅಯಾನು ಪರಿಣಾಮದಿಂದ ಹೈಡ್ರೋಜನ್ ಸಲ್ಫೈಡಿನ ಅಯಾನೀಕರಣ ಕುಗ್ಗಿ, ಸಲ್ಫೈಡ್ ಅಯಾನುಗಳು ತೀರ ಕಡಿಮೆಯಾಗುತ್ತವೆ. ಆ ಅಲ್ಪ ಪ್ರಮಾಣ ತಾಮ್ರಕ್ಕೆ ಸಾಕು, ಸತುವಿಗೆ ಸಾಲದು. ಆದ್ದರಿಂದ ತಾಮ್ರ ಎರಡನೇ ಗುಂಪಿನಲ್ಲೇ ಕಪ್ಪಗೆ ಕೆಳಗಿಳಿಯುತ್ತದೆ. ಸತು ಮುಂದೆ ಹರಿದು, ಅಮೋನಿಯಂ ಹೈಡ್ರಾಕ್ಸೈಡ್ ಸೇರಿ ಸಲ್ಫೈಡ್ ಅಯಾನುಗಳು ಹೆಚ್ಚುವ ನಾಲ್ಕನೇ ಗುಂಪಿನಲ್ಲಿ ಬೆಳ್ಳಗೆ ಸಿಕ್ಕಿಬೀಳುತ್ತದೆ. ಅದೇ ಅನಿಲ, ಬೇರೆ ಪರಿಸರ.

ಋಣ ಅಯಾನುಗಳು

ಸಾಮಾನ್ಯವಾಗಿ ಋಣ ಅಯಾನಿನಿಂದಲೇ ವಿಶ್ಲೇಷಣೆ ಆರಂಭ. ಲವಣಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕುವುದು ಮೊದಲ ಹೆಜ್ಜೆ. ರಭಸದಿಂದ ಗುಳ್ಳೆ ಎದ್ದು, ಹೊರಟ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡಿದರೆ ಕಾರ್ಬನೇಟ್. ಕೊಳೆತ ಮೊಟ್ಟೆಯ ವಾಸನೆ ಬಂದು ಸೀಸದ ಅಸಿಟೇಟ್ ಕಾಗದ ಕಪ್ಪಾದರೆ ಸಲ್ಫೈಡ್. ಕಂದು ಹೊಗೆ ಬಂದರೆ ನೈಟ್ರೈಟ್, ವಿನೆಗರ್ ವಾಸನೆ ಬಂದರೆ ಅಸಿಟೇಟ್. ಸಲ್ಫೈಟ್‌ನಿಂದ ಹೊರಡುವ ಗಂಧಕದ ಡೈಆಕ್ಸೈಡ್ ಕೂಡ ಸುಣ್ಣದ ತಿಳಿನೀರನ್ನು ಹಾಲಾಗಿಸುತ್ತದೆ. ಅದನ್ನು ಕಾರ್ಬನೇಟಿನಿಂದ ಬೇರ್ಪಡಿಸುವುದು ಗಂಧಕ ಸುಟ್ಟ ಘಾಟು ಮತ್ತು ಹಸಿರಿಗೆ ತಿರುಗುವ ಆಮ್ಲೀಯ ಡೈಕ್ರೋಮೇಟ್ ಕಾಗದ. ಒಂದೇ ಲಕ್ಷಣವನ್ನು ನಂಬಬಾರದು ಎಂಬ ಪಾಠ ಮೊದಲ ಪ್ರನಾಳದಲ್ಲೇ ಸಿಗುತ್ತದೆ.

ಇವುಗಳಲ್ಲಿ ಯಾವುದೂ ಕಾಣದಿದ್ದರೆ ಹೊಸದಾಗಿ ಲವಣ ತೆಗೆದುಕೊಂಡು ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಬಳಸಬೇಕು. ಕ್ಲೋರೈಡಿನಿಂದ ಹೊರಡುವ ಅನಿಲ, ಅಮೋನಿಯದಲ್ಲಿ ಅದ್ದಿದ ಗಾಜಿನ ಕಡ್ಡಿಯ ಸುತ್ತ ದಟ್ಟ ಬಿಳಿ ಹೊಗೆ ಕಟ್ಟುತ್ತದೆ. ಬ್ರೋಮೈಡ್ ಕೆಂಗಂದು ಆವಿಯನ್ನೂ, ಅಯೋಡೈಡ್ ನೇರಳೆ ಆವಿಯನ್ನೂ ಕೊಡುತ್ತವೆ. ನೈಟ್ರೇಟಿಗೆ ತಾಮ್ರದ ಚೂರು ಹಾಕಿ ಕಾಯಿಸಿದರೆ ಕಂದು ಅನಿಲ ಹೆಚ್ಚುತ್ತದೆ.

ದೃಢೀಕರಣಕ್ಕೆ ಬೇರೆ ಪರೀಕ್ಷೆಗಳಿವೆ. ಬೆಳ್ಳಿಯ ನೈಟ್ರೇಟ್ ಹಾಕಿದಾಗ ಕ್ಲೋರೈಡ್ ಒಡೆದ ಹಾಲಿನಂಥ ಬಿಳಿ ಪ್ರಕ್ಷೇಪ ಕೊಡುತ್ತದೆ, ಅದು ಅಮೋನಿಯದಲ್ಲಿ ಕರಗುತ್ತದೆ. ಬ್ರೋಮೈಡಿನ ತಿಳಿಹಳದಿ ಪ್ರಕ್ಷೇಪ ಅರೆಬರೆ ಕರಗುತ್ತದೆ, ಅಯೋಡೈಡಿನ ಹಳದಿ ಕರಗುವುದೇ ಇಲ್ಲ. ನೈಟ್ರೇಟಿನ ‘ಬ್ರೌನ್ ರಿಂಗ್’ ಪರೀಕ್ಷೆ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಹೊಸದಾಗಿ ಮಾಡಿದ ಫೆರಸ್ ಸಲ್ಫೇಟ್ ದ್ರಾವಣ ಬೆರೆಸಿ, ಓರೆಯಾಗಿ ಹಿಡಿದ ಪ್ರನಾಳದ ಗೋಡೆಯ ಗುಂಟ ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನವಾಗಿ ಇಳಿಸಿದರೆ ಎರಡು ದ್ರವಗಳು ಕೂಡುವಲ್ಲಿ ಕಂದು ಉಂಗುರ ಮೂಡುತ್ತದೆ. ಪ್ರನಾಳ ಅಲುಗಿದರೆ ಉಂಗುರ ಮಾಯ. ಆಮ್ಲದಿಂದ ಏನನ್ನೂ ಹೊರಡಿಸದ ಸಲ್ಫೇಟ್ ಮತ್ತು ಫಾಸ್ಫೇಟ್ ಕೊನೆಯ ಗುಂಪು. ಬೇರಿಯಂ ಕ್ಲೋರೈಡಿನ ಜೊತೆ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಕರಗದ ಬಿಳಿ ಪ್ರಕ್ಷೇಪ ಬಂದರೆ ಸಲ್ಫೇಟ್. ನೈಟ್ರಿಕ್ ಆಮ್ಲ ಮತ್ತು ಅಮೋನಿಯಂ ಮಾಲಿಬ್ಡೇಟ್ ಹಾಕಿ ಕಾಯಿಸಿದಾಗ ಅರಿಸಿನ ಹಳದಿ ಪ್ರಕ್ಷೇಪ ಬಂದರೆ ಫಾಸ್ಫೇಟ್.

ಧನ ಅಯಾನುಗಳು: ಸೊನ್ನೆಯಿಂದ ಆರರವರೆಗೆ

ಸೊನ್ನೆಯ ಗುಂಪಿನಲ್ಲಿರುವುದು ಅಮೋನಿಯಂ ಒಂದೇ. ಮುಂದಿನ ಗುಂಪುಗಳಲ್ಲಿ ಅಮೋನಿಯಂ ಲವಣಗಳನ್ನೇ ಕಾರಕಗಳಾಗಿ ಬಳಸುವುದರಿಂದ ಅದನ್ನು ಮೂಲ ಲವಣದಲ್ಲಿಯೇ ಮೊದಲು ನೋಡಿಬಿಡಬೇಕು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸಿದಾಗ ಅಮೋನಿಯದ ಘಾಟು ಬರುತ್ತದೆ, ನೆಸ್ಲರ್ ಕಾರಕ ಕಂದಾಗುತ್ತದೆ.

ಮೊದಲ ಗುಂಪಿನ ಕಾರಕ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಪಿಯುಸಿ ಪಟ್ಟಿಯಲ್ಲಿ ಇಲ್ಲಿ ಸಿಗುವುದು ಸೀಸ. ಸೀಸದ ಕ್ಲೋರೈಡ್ ತಣ್ಣೀರಿನಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಮಾತ್ರ ಕರಗುತ್ತದೆ, ಕುದಿನೀರಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಬಿಸಿ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕಿ ಆರಲು ಬಿಟ್ಟರೆ ಚಿನ್ನದ ರೇಕಿನಂಥ ಹರಳುಗಳು ತೇಲಾಡುತ್ತವೆ. ರಸಾಯನ ಪ್ರಯೋಗಾಲಯದ ಅತಿ ಸುಂದರ ನೋಟಗಳಲ್ಲಿ ಇದೊಂದು. ಎರಡನೇ ಗುಂಪಿನ ತಾಮ್ರ, ಅಮೋನಿಯ ಸೇರಿದಾಗ ಗಾಢ ನೀಲಿಯಾಗಿ, ಪೊಟ್ಯಾಸಿಯಂ ಫೆರೋಸಯನೈಡ್ ಸೇರಿದಾಗ ಚಾಕೊಲೇಟ್ ಕಂದಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ.

ಮೂರನೇ ಗುಂಪಿಗೆ ಹೋಗುವ ಮುನ್ನ ಎರಡು ಕೆಲಸಗಳಿವೆ. ಉಳಿದ ಹೈಡ್ರೋಜನ್ ಸಲ್ಫೈಡನ್ನು ಕುದಿಸಿ ಹೊರಹಾಕಬೇಕು. ಒಂದೆರಡು ಹನಿ ನೈಟ್ರಿಕ್ ಆಮ್ಲ ಹಾಕಿ ಕಾಯಿಸಿ ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡಿಕೊಳ್ಳಬೇಕು. ಆಮೇಲೆ ಅಮೋನಿಯಂ ಕ್ಲೋರೈಡ್, ಅದರ ಹಿಂದೆ ಅಮೋನಿಯಂ ಹೈಡ್ರಾಕ್ಸೈಡ್. ಈ ಅನುಕ್ರಮ ಮುಖ್ಯ. ಅಮೋನಿಯಂ ಕ್ಲೋರೈಡ್ ಮೊದಲೇ ಇದ್ದರೆ ಹೈಡ್ರಾಕ್ಸೈಡ್ ಅಯಾನುಗಳು ಮಿತಿಯಲ್ಲಿರುತ್ತವೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಕೆಳಗಿಳಿಯುತ್ತವೆ. ಅದನ್ನು ಮರೆತರೆ ಮುಂದಿನ ಗುಂಪುಗಳ ಮ್ಯಾಂಗನೀಸ್, ಮೆಗ್ನೀಸಿಯಂಗಳೂ ಇಲ್ಲೇ ನುಸುಳಿ ಉತ್ತರ ಕೆಡುತ್ತದೆ. ಕೆಂಗಂದು ಪ್ರಕ್ಷೇಪ ಕಬ್ಬಿಣದ್ದು. ಅದನ್ನು ಆಮ್ಲದಲ್ಲಿ ಕರಗಿಸಿ ಫೆರೋಸಯನೈಡ್ ಹಾಕಿದರೆ ಪ್ರಷ್ಯನ್ ನೀಲಿ, ಥಯೋಸಯನೇಟ್ ಹಾಕಿದರೆ ರಕ್ತಗೆಂಪು. ಲೋಳೆಯಂಥ ಬಿಳಿ ಪ್ರಕ್ಷೇಪ ಅಲ್ಯೂಮಿನಿಯಂದು.

ನಾಲ್ಕನೇ ಗುಂಪಿನ ನಿಕ್ಕಲ್, ಕೋಬಾಲ್ಟ್ ಕಪ್ಪು ಸಲ್ಫೈಡನ್ನೂ, ಮ್ಯಾಂಗನೀಸ್ ಮೈಬಣ್ಣದ ಸಲ್ಫೈಡನ್ನೂ, ಸತು ಬಿಳಿಯ ಸಲ್ಫೈಡನ್ನೂ ಕೊಡುತ್ತವೆ. ನಿಕ್ಕಲಿಗೆ ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ಕಾರ್ಬನಿಕ ಕಾರಕವಿದೆ. ರಷ್ಯಾದ ಚುಗಾಯೆವ್ 1905ರಲ್ಲಿ ಅದನ್ನು ಪರಿಚಯಿಸಿದ. ಅದು ಕೊಡುವ ಗುಲಾಬಿಗೆಂಪು ಪ್ರಕ್ಷೇಪವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಐದನೇ ಗುಂಪಿನ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಮೂರೂ ಬಿಳಿ ಕಾರ್ಬನೇಟುಗಳಾಗಿಯೇ ಕೆಳಗಿಳಿಯುತ್ತವೆ. ಇಲ್ಲಿ ಪರೀಕ್ಷೆಯ ಅನುಕ್ರಮ ತಪ್ಪಿದರೆ ಹೆಸರೂ ತಪ್ಪುತ್ತದೆ. ಮೊದಲು ಪೊಟ್ಯಾಸಿಯಂ ಕ್ರೋಮೇಟಿನಿಂದ ಬೇರಿಯಂ ಇದೆಯೇ ಎಂದು ನೋಡಬೇಕು, ಇಲ್ಲವಾದರೆ ಅಮೋನಿಯಂ ಸಲ್ಫೇಟಿನಿಂದ ಸ್ಟ್ರಾನ್ಷಿಯಂ, ಅದೂ ಇಲ್ಲವಾದರೆ ಅಮೋನಿಯಂ ಆಕ್ಸಲೇಟಿನಿಂದ ಕ್ಯಾಲ್ಸಿಯಂ. ಆಕ್ಸಲೇಟ್ ಮೂರಕ್ಕೂ ಬಿಳಿ ಪ್ರಕ್ಷೇಪ ಕೊಡಬಲ್ಲದು. ಮುಂಚಿನ ಎರಡು ‘ಇಲ್ಲ’ಗಳು ಸೇರಿದಾಗ ಮಾತ್ರ ಅದು ಕ್ಯಾಲ್ಸಿಯಂನ ಸಾಕ್ಷಿಯಾಗುತ್ತದೆ. ಕೊನೆಗೆ ಉಳಿಯುವ ಮೆಗ್ನೀಸಿಯಂ, ಅಮೋನಿಯದ ಸಮ್ಮುಖದಲ್ಲಿ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿ ಪ್ರನಾಳದ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಉಜ್ಜಿದಾಗ ಬಿಳಿ ಹರಳುಗಳಾಗಿ ಕಾಣಿಸಿಕೊಳ್ಳುತ್ತದೆ.

ಜ್ವಾಲೆ ಹೇಳುವುದು

ಪ್ಲಾಟಿನಂ ತಂತಿಯನ್ನು ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಲವಣವನ್ನು ಮುಟ್ಟಿಸಿ, ಬರ್ನರಿನ ಬಣ್ಣವಿಲ್ಲದ ಜ್ವಾಲೆಗೆ ಹಿಡಿದರೆ ಸೋಡಿಯಂ ಹೊಂಬಣ್ಣ, ಕ್ಯಾಲ್ಸಿಯಂ ಇಟ್ಟಿಗೆಗೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ಎಳೆಹಸಿರು, ತಾಮ್ರ ನೀಲಿಹಸಿರು ತೋರುತ್ತವೆ. ಶಾಖದಿಂದ ಮೇಲಿನ ಶಕ್ತಿಮಟ್ಟಕ್ಕೆ ಏರಿದ ಇಲೆಕ್ಟ್ರಾನುಗಳು ಕೆಳಗಿಳಿಯುವಾಗ ಬಿಡುವ ಬೆಳಕು ಇದು. ಸೋಡಿಯಂನ ಹಳದಿಯ ತರಂಗದೂರ ಸುಮಾರು 589 ನ್ಯಾನೊಮೀಟರ್. ಬೆರಳಿನ ಬೆವರಿನಲ್ಲಿರುವ ಉಪ್ಪು ತಂತಿಗೆ ತಾಗಿದರೂ ಜ್ವಾಲೆ ಹಳದಿಯಾಗಿ ಉಳಿದ ಬಣ್ಣಗಳನ್ನು ನುಂಗಿಬಿಡುತ್ತದೆ. ಪೊಟ್ಯಾಸಿಯಂನ ತೆಳುನೇರಳೆಯನ್ನು ಕಾಣಲು ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡುವುದು ಇದಕ್ಕಾಗಿಯೇ. ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದ ಬುನ್ಸೆನ್ ಮತ್ತು ಕಿರ್ಕಾಫ್ 1860–61ರಲ್ಲಿ ಸೀಸಿಯಂ, ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನೇ ಕಂಡರು.

ಅಡುಗೆಮನೆ ಮತ್ತು ಗದ್ದೆಯಲ್ಲಿ

ಆರತಿ ತಟ್ಟೆಯ ನೀರಿಗೆ ಅರಿಸಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ನೀರು ಕೆಂಪಾಗುತ್ತದೆ. ಮದುಮಕ್ಕಳಿಗೆ, ಬಾಣಂತಿಗೆ ದೃಷ್ಟಿ ತೆಗೆಯುವ ಈ ಓಕುಳಿ ಹೈಡ್ರಾಕ್ಸೈಡ್ ಅಯಾನಿನ ನೇರ ಪರೀಕ್ಷೆ. ಅರಿಸಿನದ ಕರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪಿಗೆ ತಿರುಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಸಿನ ಬೆಳೆಯುವ ಈ ಸೀಮೆಯ ಶಾಲೆಗಳಲ್ಲಿ ಸೋಸುಕಾಗದಕ್ಕೆ ಅರಿಸಿನದ ದ್ರಾವಣ ಸವರಿ ಒಣಗಿಸಿದರೆ ಲಿಟ್ಮಸ್‌ಗೆ ಬದಲಿ ಸಿದ್ಧ. ಇದೇ ಕಾಗದ ಬಿಳಿಗಾರವನ್ನೂ, ಅಂದರೆ ಬೋರೇಟನ್ನೂ ಪತ್ತೆಹಚ್ಚುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಬೋರೇಟ್ ದ್ರಾವಣದಲ್ಲಿ ಅದ್ದಿ ಒಣಗಿಸಿದಾಗ ಕಾಗದ ಕೆಂಗಂದಾಗುತ್ತದೆ, ಅದರ ಮೇಲೆ ಕ್ಷಾರ ಬಿದ್ದರೆ ಕಪ್ಪುಹಸಿರು.

ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಕಾಳುಗಳನ್ನು ಅಂಗೈಯಲ್ಲಿಟ್ಟು, ಹೊಗೆಸೊಪ್ಪಿನಂತೆ ಸುಣ್ಣ ಸೇರಿಸಿ ತಿಕ್ಕಿ ಮೂಸಿ ನೋಡುವುದು ರೈತರಲ್ಲಿ ಪ್ರಚಾರದಲ್ಲಿರುವ ಪರೀಕ್ಷೆ. ಅಸಲಿ ಗೊಬ್ಬರವಾದರೆ ಮೂಗಿಗೆ ಘಾಟು ಬಡಿಯುತ್ತದೆ. ಸುಣ್ಣದ ಕ್ಷಾರ ಅಮೋನಿಯಂ ಅಯಾನಿನಿಂದ ಅಮೋನಿಯವನ್ನು ಬಿಡಿಸುತ್ತದೆ ಎಂಬ ಕಾರಣದಿಂದ ಇದು ಸೊನ್ನೆಯ ಗುಂಪಿನ ಪರೀಕ್ಷೆಯೇ ಸರಿ. ಅಮೋನಿಯಂ ಇದೆ ಎಂದಷ್ಟನ್ನೇ ಇದು ಹೇಳುತ್ತದೆ, ಫಾಸ್ಫೇಟಿಗೆ ಮಾಲಿಬ್ಡೇಟೇ ಬೇಕು. ಭತ್ತದ ಗದ್ದೆಗೆ ಹಾಕುವ ಸತುವಿನ ಸಲ್ಫೇಟಿನ ವಿಷಯ ಇನ್ನೂ ಸ್ವಾರಸ್ಯದ್ದು. ನೀರು ನಿಂತ ಗದ್ದೆಯಲ್ಲಿ ಬೆಳೆಗೆ ಸತುವಿನ ಕೊರತೆ ಕಾಡುವುದುಂಟು. ಸತುವಿನ ಸಲ್ಫೇಟಿಗೆ ಕಲಬೆರಕೆಯಾಗಿ ಅಗ್ಗದ ಮೆಗ್ನೀಸಿಯಂ ಸಲ್ಫೇಟ್ ಬೆರೆಯುತ್ತದೆ. ಎರಡೂ ಬಿಳಿ ಹರಳು, ಕಣ್ಣಿಗೆ ವ್ಯತ್ಯಾಸ ಕಾಣದು. ಎರಡರ ದ್ರಾವಣಕ್ಕೂ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿದರೆ ಬಿಳಿ ಪ್ರಕ್ಷೇಪವೇ. ಆದರೆ ಇನ್ನಷ್ಟು ಕ್ಷಾರ ಸುರಿದಾಗ ಸತುವಿನದು ಕರಗಿ ತಿಳಿಯಾಗುತ್ತದೆ, ಮೆಗ್ನೀಸಿಯಂನದು ಹಾಗೆಯೇ ಉಳಿಯುತ್ತದೆ. ಪಿಯುಸಿ ಓದುವ ಮಗಳು ತನ್ನ ತಂದೆ ತಂದ ಚೀಲವನ್ನು ಕಾಲೇಜಿನ ಎರಡು ಪ್ರನಾಳಗಳಲ್ಲಿ ಪರೀಕ್ಷಿಸಬಲ್ಲಳು.

ಮಣ್ಣೂ ಮಾತಾಡುತ್ತದೆ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ವಿಶೇಷ ರುಚಿ ಮತ್ತು ಪರಿಮಳಕ್ಕೆ ಇಲ್ಲಿನ ಲವಣಾಂಶವಿರುವ ಕಪ್ಪು ಮೆಕ್ಕಲು ಜೇಡಿಯನ್ನು ಒಂದು ಕಾರಣವಾಗಿ ಹೇಳುತ್ತಾರೆ. ಅಂಥ ಮಣ್ಣನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ ಸೋಸಿ, ಆ ತಿಳಿಗೆ ಬೆಳ್ಳಿಯ ನೈಟ್ರೇಟನ್ನೂ ಬೇರಿಯಂ ಕ್ಲೋರೈಡನ್ನೂ ಬೇರೆ ಬೇರೆಯಾಗಿ ಹಾಕಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಯೋಜನಾ ಕಾರ್ಯ. ಚೌಳು ಮಣ್ಣಿನ ಮೇಲೆ ಆಮ್ಲ ಬಿದ್ದಾಗ ಏಳುವ ನೊರೆ ಕಾರ್ಬನೇಟಿನ ಗುರುತು. ಮಡಿವಾಳರು ಬಟ್ಟೆಯ ಕೊಳೆ ತೆಗೆಯಲು ಚೌಳನ್ನು ಬಳಸುತ್ತಿದ್ದುದರ ಗುಟ್ಟೂ ಅದರಲ್ಲಿರುವ ಸೋಡಿಯಂ ಕಾರ್ಬನೇಟ್.

ನೀರು

‘ಈ ನೀರಲ್ಲಿ ಬೇಳೆ ಬೇಯಲ್ಲ’ ಎಂದು ಬೋರ್‌ವೆಲ್ ನೀರಿನ ಬಗ್ಗೆ ಮನೆಮಂದಿ ಹೇಳುವ ಮಾತಿನ ಹಿಂದೆ ಐದು ಮತ್ತು ಆರನೇ ಗುಂಪುಗಳಿವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಬೇಳೆಯ ಪೆಕ್ಟಿನ್ನನ್ನು ಬಿಗಿದು ಮೆತ್ತಗಾಗಲು ಬಿಡುವುದಿಲ್ಲ, ಸೋಪಿನ ನೊರೆಯನ್ನೂ ತಡೆಯುತ್ತವೆ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲೂ ನೀರಿನ ಗಡಸುತನಕ್ಕೆ ಮಹತ್ವವಿದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಘಟಕ (ಫಿಲೇಚರ್) ಇರುವ ತಿ. ನರಸೀಪುರದಲ್ಲಿ ಇದು ಪುಸ್ತಕದ ಮಾತಲ್ಲ.

ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಕ್ಲೋರೈಡ್ 250 ಮಿಲಿಗ್ರಾಂ, ಸಲ್ಫೇಟ್ 200, ನೈಟ್ರೇಟ್ 45, ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಾಗ ಫ್ಲೋರೈಡಿಗೆ 1.5ರವರೆಗೆ ರಿಯಾಯಿತಿ ಇದೆ, ನೈಟ್ರೇಟಿಗೆ ಇಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಕನಿಷ್ಠ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ಹನಿ ಹಾಕಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸುವ ಆ ಕಿಟ್‌ಗಳಲ್ಲಿ ಇರುವುದು ಪಿಯುಸಿ ಪ್ರಯೋಗಾಲಯದ ರಸಾಯನ ವಿಜ್ಞಾನದ ಸಂಬಂಧಿಗಳೇ.

ನೀರು ಪರೀಕ್ಷೆಯ ವಸ್ತುವೂ ಹೌದು, ಪರೀಕ್ಷೆಯನ್ನು ಕೆಡಿಸುವ ವಸ್ತುವೂ ಹೌದು. ಬೆಳ್ಳಿಯ ಕ್ಲೋರೈಡ್ ಲೀಟರ್ ನೀರಿನಲ್ಲಿ ಎರಡು ಮಿಲಿಗ್ರಾಂ ಕೂಡ ಕರಗುವುದಿಲ್ಲ. ಹೀಗಾಗಿ ನಲ್ಲಿ ನೀರಿನಲ್ಲಿ ದ್ರಾವಣ ಮಾಡಿಕೊಂಡರೆ ಯಾವ ಲವಣಕ್ಕಾದರೂ ಕ್ಲೋರೈಡಿನ ಬಿಳುಪು ಕಾಣಿಸಿಕೊಳ್ಳಬಹುದು. ಗಡಸು ನೀರಾದರೆ ಆಕ್ಸಲೇಟ್ ಪರೀಕ್ಷೆಯಲ್ಲಿ ಇಲ್ಲದ ಕ್ಯಾಲ್ಸಿಯಂ ಇದೆಯೆಂದು ತೋರುತ್ತದೆ. ಇದಕ್ಕೆ ಪರಿಹಾರ ಎರಡು: ಬಟ್ಟಿ ಇಳಿಸಿದ ನೀರು ಮತ್ತು ಖಾಲಿ ಪರೀಕ್ಷೆ. ಲವಣ ಹಾಕದ ಬರೀ ನೀರಿಗೆ ಅದೇ ಕಾರಕಗಳನ್ನು ಹಾಕಿ ಏನಾಗುತ್ತದೆ ಎಂದು ನೋಡುವುದೇ ಖಾಲಿ ಪರೀಕ್ಷೆ. ಬೋರ್‌ವೆಲ್ ನೀರನ್ನು ನೆಚ್ಚಿರುವ ಊರಿನ ಕಾಲೇಜುಗಳಲ್ಲಿ ಇದನ್ನು ಮೊದಲ ದಿನವೇ ಕಲಿಸಬೇಕು.

ಕಲ್ಲು: ಸರಳ ಪರೀಕ್ಷೆಗಳ ಎಲ್ಲೆ

ಮೈಸೂರು ಮತ್ತು ನಂಜನಗೂಡುಗಳ ನಡುವಿನ ಸಿಂಧುವಳ್ಳಿ, ತಳೂರು, ದೊಡ್ಡಕಾನ್ಯ ಸುತ್ತಮುತ್ತಲ ಪ್ರಾಚೀನ ಶಿಲೆಗಳಲ್ಲಿ ಮ್ಯಾಗ್ನೆಸೈಟ್ ಮತ್ತು ಕ್ರೋಮೈಟ್ ನಿಕ್ಷೇಪಗಳಿವೆ. ಮ್ಯಾಗ್ನೆಸೈಟ್ ಎಂದರೆ ಮೆಗ್ನೀಸಿಯಂ ಕಾರ್ಬನೇಟ್. ಸುಣ್ಣಕಲ್ಲಿನ ಮೇಲೆ ತಣ್ಣಗಿನ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದೊಡನೆ ನೊರೆ ಏಳುತ್ತದೆ, ಮ್ಯಾಗ್ನೆಸೈಟ್ ಮೇಲೆ ಬಿದ್ದರೆ ಹೆಚ್ಚೇನೂ ಕಾಣುವುದಿಲ್ಲ. ಪುಡಿ ಮಾಡಿ ಬಿಸಿ ಮಾಡಿದಾಗ ಮಾತ್ರ ಗುಳ್ಳೆಗಳು ಏಳುತ್ತವೆ. ತಣ್ಣಗಿನ ಆಮ್ಲಕ್ಕೇ ನಿಂತು ‘ಕಾರ್ಬನೇಟ್ ಇಲ್ಲ’ ಎಂದು ಬರೆದವರ ಉತ್ತರ ತಪ್ಪಾಗುತ್ತದೆ. ‘ಇಲ್ಲ’ ಎನ್ನುವ ಮುನ್ನ ಪರೀಕ್ಷೆಗೆ ಬೇಕಾದ ಶಾಖ, ಸಮಯ, ಸಾಂದ್ರತೆ ಸಿಕ್ಕಿದೆಯೇ ಎಂದು ನೋಡಬೇಕು ಎಂಬುದಕ್ಕೆ ಊರ ಪಕ್ಕದ ಈ ಬಿಳಿಕಲ್ಲಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಕ್ರೋಮೈಟ್ ಇನ್ನೂ ಹಟಮಾರಿ. ಅದು ಸಾಮಾನ್ಯ ಆಮ್ಲಗಳಿಗೆ ಜಗ್ಗುವುದಿಲ್ಲ. ಸೋಡಿಯಂ ಕಾರ್ಬನೇಟಿನ ಜೊತೆ ಗಾಳಿಯಲ್ಲಿ ಕರಗುವಷ್ಟು ಕಾಯಿಸಿದಾಗ ಹಳದಿ ಕ್ರೋಮೇಟ್ ಆಗಿ ನೀರಿಗೆ ಇಳಿಯುತ್ತದೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ ನಿಂತಿರುವ ಬಳಪದ ಕಲ್ಲೂ ಇದೇ ಪಾಠ ಹೇಳುತ್ತದೆ. ಹದಿಮೂರನೇ ಶತಮಾನದ ಈ ಗುಡಿ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ಕಲ್ಲಿನಲ್ಲಿ ಮೆಗ್ನೀಸಿಯಂ ಹೇರಳವಾಗಿದೆ, ಆದರೆ ಸಿಲಿಕೇಟ್ ಆಗಿ ಬಂಧಿಯಾಗಿದೆ. ಅದೇ ತಾಲ್ಲೂಕಿನ ತಲಕಾಡಿನ ಮರಳಿನ ಬಹುಭಾಗವಾದ ಸಿಲಿಕವೂ ಹಾಗೆಯೇ. ಶಾಲೆಯ ಪರೀಕ್ಷೆಗಳೆಲ್ಲ ನಡೆಯುವುದು ದ್ರಾವಣದಲ್ಲಿರುವ ಅಯಾನುಗಳ ಮೇಲೆ. ದ್ರಾವಣಕ್ಕೆ ಬರದ ಪದಾರ್ಥದ ಮುಂದೆ ಅವು ಮೌನ.

ಕಾರ್ಖಾನೆಯಲ್ಲಿ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲವಸ್ತು, ಆಹಾರ, ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ತಯಾರಿಸುವ ಘಟಕಗಳಿವೆ. ಔಷಧ ಗುಣಮಟ್ಟದ ಪ್ರಯೋಗಾಲಯಗಳು ಅನುಸರಿಸುವ ಭಾರತೀಯ ಔಷಧ ಸಂಹಿತೆಯಲ್ಲಿ ಕ್ಲೋರೈಡ್, ಸಲ್ಫೇಟ್‌ಗಳಿಗೆ ‘ಮಿತಿ ಪರೀಕ್ಷೆ’ಗಳಿವೆ. ಅಲ್ಲಿಯೂ ಬೆಳ್ಳಿಯ ನೈಟ್ರೇಟ್, ಅಲ್ಲಿಯೂ ಬೇರಿಯಂ ಕ್ಲೋರೈಡ್. ನಮೂನೆಯಲ್ಲಿ ಮೂಡಿದ ಮಸುಕನ್ನು ಗೊತ್ತಾದ ಪ್ರಮಾಣದ ಮಾನಕ ದ್ರಾವಣದ ಮಸುಕಿನೊಂದಿಗೆ ಪಕ್ಕಪಕ್ಕ ಹಿಡಿದು ಹೋಲಿಸುತ್ತಾರೆ. ಇನ್ನು ಸರ್ಕ್ಯೂಟ್ ಬೋರ್ಡ್ ಉದ್ಯಮದಲ್ಲಿ ಬೇಡದ ತಾಮ್ರವನ್ನು ಎಚ್ಚಿಂಗ್ ದ್ರಾವಣದಿಂದ ಕರಗಿಸುತ್ತಾರೆ. ಆ ದ್ರಾವಣದ ತಾಮ್ರದ ಅಯಾನು ಅಮೋನಿಯದಲ್ಲಿ ತೋರುವುದು ಎರಡನೇ ಗುಂಪಿನ ಅದೇ ಗಾಢ ನೀಲಿಯನ್ನು.

ಸುರಕ್ಷತೆ

ಎರಡನೇ ಮತ್ತು ನಾಲ್ಕನೇ ಗುಂಪುಗಳಿಗೆ ಬೇಕಾದ ಹೈಡ್ರೋಜನ್ ಸಲ್ಫೈಡನ್ನು ಕಿಪ್ ಉಪಕರಣದಲ್ಲಿ ಫೆರಸ್ ಸಲ್ಫೈಡ್ ಮತ್ತು ಆಮ್ಲದಿಂದ ತಯಾರಿಸುತ್ತಾರೆ. ಅದು ವಿಷಾನಿಲ. ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ನೂರರಷ್ಟು ಸೇರಿದಾಗ ಮೂಗಿನ ಗ್ರಹಣಶಕ್ತಿಯೇ ಮಂಕಾಗುತ್ತದೆ, ವಾಸನೆ ನಿಂತ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯುವಂತಿಲ್ಲ. ಹೊಗೆಕೋಣೆ ಅಥವಾ ಎಲ್ಲ ಕಿಟಕಿ ತೆರೆದ ಕೋಣೆ ಕಡ್ಡಾಯ. ಯಾವ ಅನಿಲವನ್ನೂ ನೇರ ಮೂಸದೆ ಕೈಯಿಂದ ಬೀಸಿಕೊಂಡು ಗ್ರಹಿಸಬೇಕು. ಯಾವ ಲವಣವನ್ನೂ ರುಚಿ ನೋಡಬಾರದು. ಕ್ಲೋರೈಡನ್ನು ದೃಢಪಡಿಸುವ ಇನ್ನೊಂದು ವಿಧಾನವಾದ ಕ್ರೋಮಿಲ್ ಕ್ಲೋರೈಡ್ ಪರೀಕ್ಷೆಯಲ್ಲಿ ಕ್ಯಾನ್ಸರ್‌ಕಾರಕ ಕ್ರೋಮಿಯಂ ಇರುವುದರಿಂದ, ಬೆಳ್ಳಿಯ ನೈಟ್ರೇಟಿನಿಂದ ಕೆಲಸವಾಗುವಲ್ಲಿ ಅದನ್ನು ಬಿಡುವುದು ಲೇಸು.

ಸೀಸ, ಆರ್ಸೆನಿಕ್, ಬೇರಿಯಂ, ಕ್ರೋಮೇಟ್ ಇರುವ ತ್ಯಾಜ್ಯವನ್ನು ಸಿಂಕಿಗೆ ಸುರಿದರೆ ಅದರ ದಾರಿ ಚರಂಡಿಯಿಂದ ಹೊಳೆಗೆ. ಬೇರೆ ಡಬ್ಬದಲ್ಲಿ ಕೂಡಿಹಾಕಬೇಕು. ಪ್ರಮಾಣವನ್ನೇ ತಗ್ಗಿಸುವುದು ಇನ್ನೂ ಒಳ್ಳೆಯ ಉಪಾಯ. ಆಸ್ಟ್ರಿಯಾ ಮೂಲದ ಫ್ರಿಟ್ಜ್ ಫೈಗಲ್ ಬೆಳೆಸಿದ ಹನಿ ಪರೀಕ್ಷೆಗಳಲ್ಲಿ ಸೋಸುಕಾಗದದ ಮೇಲೆ ಅಥವಾ ಗುಳಿಗಳಿರುವ ಪಿಂಗಾಣಿ ತಟ್ಟೆಯಲ್ಲಿ ಒಂದೊಂದು ಹನಿ ಸಾಕು. ಬೆಳ್ಳಿಯ ನೈಟ್ರೇಟಿನಂಥ ದುಬಾರಿ ರಾಸಾಯನಿಕವನ್ನು ಎಣಿಸಿ ಬಳಸಬೇಕಾದ ಗ್ರಾಮೀಣ ಕಾಲೇಜುಗಳಿಗೆ ಇದು ಖರ್ಚಿನ ದೃಷ್ಟಿಯಿಂದಲೂ ಹೊಂದುತ್ತದೆ.

ಉಪಕರಣಗಳ ಕಾಲದಲ್ಲಿ

ಇಂದು ವೃತ್ತಿಪರ ಪ್ರಯೋಗಾಲಯಗಳು ಅಯಾನುಗಳನ್ನು ಕಂಡುಹಿಡಿಯಲು ಅಯಾನು ಕ್ರೊಮ್ಯಾಟೊಗ್ರಫಿ, ಪರಮಾಣು ಹೀರಿಕೆ ರೋಹಿತಮಾಪಕ ಮುಂತಾದ ಯಂತ್ರಗಳನ್ನು ಬಳಸುತ್ತವೆ. ಕೆಲವೇ ನಿಮಿಷಗಳಲ್ಲಿ ಹೆಸರೂ ಪ್ರಮಾಣವೂ ಒಟ್ಟಿಗೆ ಸಿಗುತ್ತವೆ. ಹಾಗೆಂದು ಹಳೆಯ ಕ್ರಿಯೆಗಳು ಹಿಂದೆ ಸರಿದಿಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ನಮೂದಿಸುತ್ತಾರೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ರೈತರಿಗೆ ವಿವರಿಸುವ ಆ ಚೀಟಿಯ ಪೊಟ್ಯಾಷ್ ಅಂಕಿ ಸಾಮಾನ್ಯವಾಗಿ ಹೊರಡುವುದು ಜ್ವಾಲಾ ಫೋಟೋಮೀಟರಿನಿಂದ, ಅಂದರೆ ಕಣ್ಣಿನ ಬದಲು ಮೀಟರ್ ಓದುವ ಜ್ವಾಲೆ ಪರೀಕ್ಷೆಯಿಂದ. ರಂಜಕವನ್ನು ಅಳೆಯುವುದು ಮಾಲಿಬ್ಡೇಟ್ ಕೊಡುವ ನೀಲಿ ಬಣ್ಣದ ಗಾಢತೆಯಿಂದ. ಗಂಧಕವನ್ನು ಅಳೆಯುವುದು ಬೇರಿಯಂ ಕ್ಲೋರೈಡ್ ತರುವ ಮಸುಕಿನಿಂದ.

ಮೈಸೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಕ್ಷಿಣ ಭಾರತದ ವಿಜ್ಞಾನ ಶಿಕ್ಷಕರನ್ನು ತಯಾರು ಮಾಡುವ ಎನ್‌ಸಿಇಆರ್‌ಟಿಯ ಅಂಗ, ಎರಡೂ ತಾಲ್ಲೂಕುಗಳಿಗೆ ಕೈಗೆಟುಕುವ ದೂರದಲ್ಲೇ ಇದೆ. ಪರೀಕ್ಷೆಗೆ ಮುನ್ನ ಲವಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ, ಬಣ್ಣ ನೋಡಿ ಹೆಸರು ಬರೆಸುವ ಅಭ್ಯಾಸವನ್ನು ಬಿಟ್ಟು, ಮಣ್ಣಿನ ತಿಳಿ, ಬೋರ್‌ವೆಲ್ ನೀರು, ಗೊಬ್ಬರದ ಚೀಲ, ಮ್ಯಾಗ್ನೆಸೈಟ್ ಚೂರುಗಳನ್ನು ಪ್ರಯೋಗಾಲಯಕ್ಕೆ ತರಿಸಿದರೆ ಈ ಸೀಮೆಯ ವಿದ್ಯಾರ್ಥಿಗಳಿಗೆ ಅಜ್ಞಾತ ನಮೂನೆಗಳ ಕೊರತೆ ಇರುವುದಿಲ್ಲ. ಬೇಕಾಗುವ ಹೆಚ್ಚುವರಿ ಸಾಮಗ್ರಿ ಸೋಸುಕಾಗದ, ಬಟ್ಟಿ ಇಳಿಸಿದ ನೀರು ಮತ್ತು ನಮೂನೆ ಎಲ್ಲಿಂದ, ಯಾವ ದಿನ ಬಂತೆಂದು ಬರೆದಿಡುವ ಒಂದು ನೋಟ್‌ಬುಕ್ ಮಾತ್ರ.